ವಾರಕ್ಕೆ ಎರಡು ಗಂಟೆಯ ಹೋಮ್‌ವರ್ಕ್: ಚೆನ್ನೈ ಕನ್ನಡಿಗರ ಮನೆಗಳಲ್ಲಿ ಕನ್ನಡಕ್ಕೂ ಪಾಲಿರಲಿ

ಚೆನ್ನೈ: ಮೂರರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆಯ ಹೋಮ್‌ವರ್ಕ್. ಒಂದು ಮತ್ತು ಎರಡನೇ ತರಗತಿಯ ಪುಟಾಣಿಗಳಿಗೆ ಹೋಮ್‌ವರ್ಕ್ ಬೇಡವೇ ಬೇಡ. ಕೇಂದ್ರ ಸರಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುವುದು ಇಷ್ಟು. ಆದರೆ ಬಹಳಷ್ಟು ಮನೆಗಳಲ್ಲಿ ಎರಡು ಗಂಟೆ ಎಂಬುದು ವಾರದ ಲೆಕ್ಕವಾಗಿ ಉಳಿದಿಲ್ಲ, ದಿನದ ಲೆಕ್ಕವಾಗಿಬಿಟ್ಟಿದೆ. ಇಂಗ್ಲಿಷ್, ತಮಿಳು, ಗಣಿತ, ಅದರ ಮೇಲೆ ಟ್ಯೂಷನ್ ಎಂದು ಓಡುವ ಮಗುವಿಗೆ ಕನ್ನಡ ಅಕ್ಷರ ಕಲಿಸಲು ಸಮಯವಾದರೂ ಎಲ್ಲಿದೆ ಎಂಬುದು ಚೆನ್ನೈಯ ಕನ್ನಡಿಗ ಹೆತ್ತವರ ಸಾಮಾನ್ಯ ಅಳಲು.

ಈ ಅಳಲಿಗೆ ಉತ್ತರ ಆ ನೀತಿಯೊಳಗೇ ಇದೆ. ಚಿಕ್ಕ ಮಕ್ಕಳಿಗೆ ಪುಟಗಟ್ಟಲೆ ಬರೆಸುವ ಬದಲು, ಸಂಜೆ ಮನೆಯಲ್ಲಿ ಹೇಗೆ ಕಳೆದರು, ಯಾವ ಆಟ ಆಡಿದರು, ಏನು ಉಂಡರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಬೇಕು ಎಂಬುದು ಅದರ ಆಶಯ. ಮನೆಯ ಊಟ, ಮನೆಯ ಆಟ, ಮನೆಯ ಮಂದಿ. ಇವುಗಳ ಬಗ್ಗೆ ಮಗು ಮಾತಾಡಬೇಕಾದರೆ ಮೊದಲು ಬೇಕಾಗುವುದು ಮನೆಯ ಮಾತು. ಹೊಸ ಪಠ್ಯಪುಸ್ತಕ, ಹೆಚ್ಚಿನ ಕಾಪಿ ಪುಸ್ತಕ ಯಾವುದೂ ಬೇಡ.

ಈ ಚರ್ಚೆಗೆ ಚೆನ್ನೈಯ ನಂಟು

ಮಕ್ಕಳ ಮೇಲಿನ ಓದಿನ ಹೊರೆಯ ಚರ್ಚೆಗೂ ಈ ಊರಿಗೂ ಹಳೆಯ ನಂಟಿದೆ. 1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಪುರಸವಾಕ್ಕಂನಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದು, ಮುಂದೆ ಮೈಸೂರಿನಲ್ಲಿ ನೆಲೆಸಿ ಮಾಲ್ಗುಡಿಯನ್ನು ಸೃಷ್ಟಿಸಿದ ಆರ್.ಕೆ. ನಾರಾಯಣ್ 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿನ ಮೊದಲ ಭಾಷಣದಲ್ಲಿ ಅವರು ಎತ್ತಿಕೊಂಡದ್ದು ರಾಜಕೀಯದ ವಿಷಯವನ್ನಲ್ಲ, ಶಾಲಾ ಮಕ್ಕಳ ಬೆನ್ನಿನ ಚೀಲವನ್ನು. ಆ ಕೂಗಿನ ಫಲವಾಗಿ ವಿಜ್ಞಾನಿ ಪ್ರೊ. ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿ, 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿ ಬಂತು. ನಾರಾಯಣ್ ಅವರಿಗೆ ಲೆಕ್ಕ, ಪುರಾಣ, ಸಂಗೀತ, ಸಂಸ್ಕೃತಗಳ ಮೊದಲ ಪಾಠ ಆದದ್ದು ಅಜ್ಜಿಯಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಕಾಲು ಶತಮಾನದ ನಂತರ ಮತ್ತೆ ಚೆನ್ನೈಯಿಂದಲೇ ಸುದ್ದಿಯಾಯಿತು. 2018ರ ಮೇ 29ರಂದು ಮದ್ರಾಸ್ ಹೈಕೋರ್ಟ್, ಸಿಬಿಎಸ್‌ಇ ಶಾಲೆಗಳು ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಹೋಮ್‌ವರ್ಕ್ ಕೊಡಕೂಡದು ಎಂದು ಆದೇಶಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಎರಡು ವರ್ಷಗಳ ಬಳಿಕ ಬಂದದ್ದೇ ಶಾಲಾ ಬ್ಯಾಗ್ ನೀತಿ.

ಶಾಲೆಯಲ್ಲಿ ಸಿಗದ ಅಕ್ಷರ

ತಮಿಳುನಾಡು ತಮಿಳು ಕಲಿಕೆ ಕಾಯ್ದೆ ಬಂದದ್ದು 2006ರಲ್ಲಿ. ಆ ವರ್ಷ ಒಂದನೇ ತರಗತಿಯಿಂದ ಕಡ್ಡಾಯವಾದ ತಮಿಳು, ವರ್ಷಕ್ಕೊಂದು ತರಗತಿಯಂತೆ ಏರಿ 2015-16ರಲ್ಲಿ ಹತ್ತನೇ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳಿಗೆ ವಿನಾಯಿತಿ ಬೇಕೆಂಬ ಬೇಡಿಕೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನ್ಯಾಯಾಲಯದ ವಿಷಯ ಏನೇ ಇರಲಿ, ಬದುಕು ಕೊಟ್ಟ ಊರಿನ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆಂಗ್ಲ ಮಾಧ್ಯಮದ ಶಾಲೆಗಳಲ್ಲಿ ಓದುವ ನಮ್ಮ ಹೆಚ್ಚಿನ ಮಕ್ಕಳಿಗೆ ಕನ್ನಡ ಅಕ್ಷರ ಶಾಲೆಯಲ್ಲಿ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಇದರ ಪರಿಣಾಮ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಅಜ್ಜ-ಅಜ್ಜಿ ಕನ್ನಡ ಪತ್ರಿಕೆ ಓದುತ್ತಾರೆ. ಅಪ್ಪ-ಅಮ್ಮ ಕನ್ನಡ ಮಾತಾಡುತ್ತಾರೆ, ಓದುವುದು ಕಡಿಮೆ. ಮಗುವಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಮೂರನೇ ತಲೆಮಾರಿನಲ್ಲಿ ಓದು-ಬರಹ ತಪ್ಪಿದರೆ ನಾಲ್ಕನೆಯದರಲ್ಲಿ ಮಾತೂ ಉಳಿಯುವುದು ಕಷ್ಟ. ಹಾಗೆಂದು ಮಗುವನ್ನು ಗದರಿಸಿ ದಿನಕ್ಕೆ ಹತ್ತು ಪುಟ ಅ, ಆ, ಇ, ಈ ಬರೆಸಿದರೆ ಅದಕ್ಕೆ ಕನ್ನಡವೆಂದರೆ ಬೇಸರವೇ ಬಂದೀತು.

ನಲ್ವತ್ತು ನಿಮಿಷದ ಲೆಕ್ಕ

ವಾರಕ್ಕೆ ನಲ್ವತ್ತು ನಿಮಿಷ ಕನ್ನಡಕ್ಕೆ ಮೀಸಲಿಟ್ಟರೆ ಸಾಕು. ಶನಿವಾರ ಇಪ್ಪತ್ತು ನಿಮಿಷ ಮಾತು, ಭಾನುವಾರ ಇಪ್ಪತ್ತು ನಿಮಿಷ ಬರಹ. ವಾರಕ್ಕೊಂದೇ ಪುಟ. ಪರೀಕ್ಷೆ, ಹಬ್ಬ, ಊರಿಗೆ ಹೋಗುವ ದಿನಗಳನ್ನು ಕಳೆದರೂ ವರ್ಷಕ್ಕೆ ನಲ್ವತ್ತು ವಾರ ಉಳಿಯುತ್ತದೆ. ಮೂರನೇ ತರಗತಿಯಲ್ಲಿ ಆರಂಭಿಸಿದ ಮಗು ಐದನೇ ತರಗತಿ ಮುಗಿಸುವಾಗ ತನ್ನ ಮನೆಯ ಬಗ್ಗೆ ತಾನೇ ಬರೆದ 120 ಪುಟಗಳ ಕನ್ನಡ ಪುಸ್ತಕ ಅದರ ಕೈಯಲ್ಲಿರುತ್ತದೆ. ಒಂದು, ಎರಡನೇ ತರಗತಿಯವರಿಗೆ ಬರಹವೇ ಬೇಡ. ಅವರು ಹೇಳಲಿ, ಚಿತ್ರ ಬಿಡಿಸಲಿ. ಚಿತ್ರದ ಕೆಳಗೆ ಒಂದು ಪದವನ್ನು ದೊಡ್ಡವರು ಬರೆದುಕೊಟ್ಟರಾಯಿತು.

ಯಾವ ವಾರ ಏನು ಮಾಡಿಸಬಹುದು? ಕೆಲವು ಉದಾಹರಣೆಗಳು ಇಲ್ಲಿವೆ.

ಊಟದ ವಾರ: ಶನಿವಾರದ ಅಡುಗೆಗೆ ಮಗು ಅಮ್ಮನ ಅಥವಾ ಅಪ್ಪನ ಜತೆ ನಿಲ್ಲಲಿ. ಸಾರಿಗೆ ಏನೇನು ಬಿತ್ತು, ಎಷ್ಟು ಲೋಟ ನೀರು, ಒಗ್ಗರಣೆಗೆ ಯಾವುದು ಮೊದಲು ಎಂದು ಹೇಳಲಿ. ಮರುದಿನ ನಾಲ್ಕು ವಾಕ್ಯ ಬರೆಯಲಿ. ಇದರಲ್ಲಿ ಭಾಷೆಯೂ ಇದೆ, ಅಳತೆಯ ಗಣಿತವೂ ಇದೆ.

ಬಂಧುಗಳ ವಾರ: ಚಿಕ್ಕಪ್ಪ ತಮಿಳಿನಲ್ಲಿ ಸಿತ್ತಪ್ಪಾ, ದೊಡ್ಡಪ್ಪ ಪೆರಿಯಪ್ಪಾ. ಇಂಗ್ಲಿಷಿನಲ್ಲಿ ಇಬ್ಬರೂ ಅಂಕಲ್. ಮನೆಯವರ ಹೆಸರು, ಸಂಬಂಧ ಬರೆದು ವಂಶವೃಕ್ಷ ಮಾಡಿಸಬಹುದು.

ಊರಿನ ವಾರ: ನಮ್ಮವರು ಚೆನ್ನೈಗೆ ಯಾವಾಗ ಬಂದರು, ಯಾವ ಊರಿಂದ, ಯಾವ ರೈಲಿನಲ್ಲಿ, ಏನು ಕೆಲಸಕ್ಕೆ? ಹೋಟೆಲ್ ಕೆಲಸಕ್ಕೆ ಬಂದವರಿರಬಹುದು, ಬ್ಯಾಂಕಿನವರಿರಬಹುದು, ಸಿನಿಮಾ ಸ್ಟುಡಿಯೋಗಳಿಗಾಗಿ ಬಂದವರಿರಬಹುದು. ಕನ್ನಡ ಚಿತ್ರಗಳು ಇಲ್ಲಿ ತಯಾರಾಗುತ್ತಿದ್ದ ಕಾಲದ ನೆನಪು ಹಲವು ಹಿರಿಯರಲ್ಲಿದೆ. ಮಗು ಪ್ರಶ್ನೆ ಕೇಳಲಿ, ಅಜ್ಜ ಉತ್ತರಿಸಲಿ. ಅಜ್ಜ ಊರಿನಲ್ಲಿದ್ದರೆ ಫೋನಿನಲ್ಲಿ ಕೇಳಿ, ಅವರಿಗೊಂದು ಕನ್ನಡ ಪತ್ರ ಬರೆಯಲಿ.

ಸರ್ವಜ್ಞನ ವಾರ: 2009ರ ಆಗಸ್ಟ್ 9ರಂದು ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಿತು. ನಾಲ್ಕು ದಿನಗಳ ನಂತರ, ಆಗಸ್ಟ್ 13ರಂದು, ಚೆನ್ನೈಯ ಅಯನಾವರಂನ ಜೀವಾ ಪಾರ್ಕಿನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಮಕ್ಕಳು ಶಾಲೆಯಲ್ಲಿ ತಿರುಕ್ಕುರಳ್ ಬಾಯಿಪಾಠ ಮಾಡಿರುತ್ತಾರೆ. ಕುರಳಿಗೆ ಎರಡು ಸಾಲು, ಸರ್ವಜ್ಞನ ತ್ರಿಪದಿಗೆ ಮೂರು. ಭಾನುವಾರ ಪಾರ್ಕಿಗೆ ಹೋಗಿ ಪ್ರತಿಮೆ ನೋಡಿ ಬಂದು, ಮಗು ತನಗೆ ಗೊತ್ತಿರುವ ಕುರಳಿಗೆ ಹತ್ತಿರದ ಒಂದು ವಚನವನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಬಹುದು.

ತಮಿಳು ಅಡ್ಡಿಯಲ್ಲ, ಆಸರೆ

ತಮಿಳು ಕಲಿತರೆ ಕನ್ನಡ ಕೆಡುತ್ತದೆ ಎಂಬ ಭಾವನೆ ಕೆಲವರಲ್ಲಿದೆ. ವಾಸ್ತವದಲ್ಲಿ ತಮಿಳು ಬಲ್ಲ ಮಗುವಿಗೆ ಕನ್ನಡದ ಅರ್ಧ ದಾರಿ ಆಗಲೇ ಗೊತ್ತು. ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಪುಲಿ ಎಂದರೆ ಹುಲಿ, ಪಲ್ ಎಂದರೆ ಹಲ್ಲು, ಪತ್ತು ಎಂದರೆ ಹತ್ತು, ಪೂ ಎಂದರೆ ಹೂ. ಹಳೆಗನ್ನಡದಲ್ಲೂ ಇವು ಪಕಾರದಿಂದಲೇ ಆರಂಭವಾಗುತ್ತಿದ್ದವು, ನಡುಗನ್ನಡದ ಹೊತ್ತಿಗೆ ಹಕಾರಕ್ಕೆ ತಿರುಗಿದವು. ಹಾಗೆಯೇ ವಾಯ್ ಬಾಯಿಯಾಗುತ್ತದೆ, ವಾಳೈ ಬಾಳೆಯಾಗುತ್ತದೆ, ವಿಲ್ ಬಿಲ್ಲಾಗುತ್ತದೆ. ಒಂದು ವಾರ ಪ-ಹ ಜೋಡಿ ಹುಡುಕುವ ಆಟ, ಮರುವಾರ ವ-ಬ ಜೋಡಿ. ಹತ್ತು ಜೋಡಿ ಹುಡುಕಿದ ಮಗು ಹನ್ನೊಂದನೆಯದನ್ನು ತಾನೇ ಊಹಿಸುತ್ತದೆ. ಅಪ್ಪ, ತುಪ್ಪದಂಥ ಪದಗಳಲ್ಲಿ ಒತ್ತಕ್ಷರದ ಪಕಾರ ಏಕೆ ಬದಲಾಗದೆ ಉಳಿಯಿತು ಎಂದು ಕೇಳಿದರೂ ಆಶ್ಚರ್ಯವಿಲ್ಲ.

ತೊಡಕಾಗುವುದು ಬೇರೆ ಕಡೆ. ಕ, ಖ, ಗ, ಘ ನಾಲ್ಕಕ್ಕೂ ತಮಿಳು ಲಿಪಿಯಲ್ಲಿ ಒಂದೇ ಅಕ್ಷರ. ತಮಿಳಿನ ವ್ಯಂಜನ 18, ಕನ್ನಡದ ವ್ಯಂಜನ 34. ಆದ್ದರಿಂದ ಚೆನ್ನೈಯ ಮಗು ಗಾಳಿ ಎಂದು ಹೇಳಿ ಕಾಳಿ ಎಂದು ಬರೆದರೆ ಅದು ದಡ್ಡತನವಲ್ಲ, ಎರಡು ಲಿಪಿಗಳ ನಡುವಿನ ವ್ಯತ್ಯಾಸ. ಕಾಳಿ-ಗಾಳಿ, ದನ-ಧನ, ಪಡಿ-ಬಡಿ ಮುಂತಾದ ಜೋಡಿಗಳನ್ನು ಕಾರ್ಡಿನಲ್ಲಿ ಬರೆದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿ ತೋರಿಸುವ ಆಟ ಆಡಿಸಿದರೆ ಕೆಲವು ವಾರಗಳಲ್ಲಿ ಇದು ಸರಿಹೋಗುತ್ತದೆ.

ಮನೆಯಲ್ಲಿ ತುಳು, ಕೊಂಕಣಿ ಆಡುವ ಕುಟುಂಬಗಳೂ ನಮ್ಮ ಸಂಘಗಳಲ್ಲಿ ಬಹಳ. ಅವರು ಶನಿವಾರದ ಮಾತನ್ನು ತಮ್ಮ ಭಾಷೆಯಲ್ಲೇ ಆಡಿ, ಭಾನುವಾರದ ಬರಹವನ್ನು ಕನ್ನಡದಲ್ಲಿ ಮಾಡಿಸಬಹುದು. ತಲೆಮಾರುಗಳಿಂದ ಇಲ್ಲೇ ನೆಲೆಸಿದವರ ಕನ್ನಡದಲ್ಲಿ ತಮಿಳು ಬೆರೆತಿರುವುದು ಸಹಜ. ಮಗುವಿನ ಕನ್ನಡ ಕೇಳಿ ನೆಂಟರಿಷ್ಟರು ನಕ್ಕರೆ ಅದು ಮತ್ತೆ ಬಾಯಿ ತೆರೆಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಓದಲು ಪುಸ್ತಕ ಸಿಗುವುದಿಲ್ಲ ಎಂಬ ಮಾತೂ ಈಗ ಪೂರ್ತಿ ನಿಜವಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕನ್ನಡ ಕಥೆಗಳು ಉಚಿತವಾಗಿ ಲಭ್ಯ. ಹಲವು ಕಥೆಗಳು ತಮಿಳಿನಲ್ಲೂ ಇರುವುದರಿಂದ ಒಂದೇ ಕಥೆಯನ್ನು ಎರಡೂ ಭಾಷೆಗಳಲ್ಲಿ ಓದಬಹುದು. ಎಗ್ಮೋರಿನ ಕನ್ನೆಮರ ಗ್ರಂಥಾಲಯವಂತೂ ದೇಶದಲ್ಲಿ ಅಚ್ಚಾಗುವ ಪುಸ್ತಕಗಳನ್ನು ಕಾನೂನಿನ ಪ್ರಕಾರ ಸ್ವೀಕರಿಸುವ ನಾಲ್ಕು ಗ್ರಂಥಾಲಯಗಳಲ್ಲೊಂದು. ಮಕ್ಕಳೊಂದಿಗೆ ಒಮ್ಮೆ ಭೇಟಿ ಕೊಡಬೇಕಾದ ಸ್ಥಳ.

ಸಂಘಗಳು ಏನು ಮಾಡಬಹುದು?

ಹೆತ್ತವರಿಬ್ಬರೂ ಉದ್ಯೋಗಕ್ಕೆ ಹೋಗುವ ಮನೆಗಳಲ್ಲಿ, ಕನ್ನಡ ಓದಲು ಬಾರದ ತಂದೆ-ತಾಯಿ ಇರುವ ಮನೆಗಳಲ್ಲಿ ಇದನ್ನು ಒಂಟಿಯಾಗಿ ನಡೆಸುವುದು ಸುಲಭವಲ್ಲ. ಇಲ್ಲಿ ಸಂಘ-ಸಂಸ್ಥೆಗಳ ಪಾತ್ರ ಬರುತ್ತದೆ. ವಾರದ ಚಟುವಟಿಕೆಯನ್ನು ಶುಕ್ರವಾರ ಸದಸ್ಯರಿಗೆ ವಾಟ್ಸ್ಆಪ್‌ನಲ್ಲಿ ಕಳುಹಿಸುವ ಕೆಲಸವನ್ನು ಯುವ ವಿಭಾಗ ವಹಿಸಿಕೊಳ್ಳಬಹುದು. ತಿಂಗಳಿಗೊಂದು ಭಾನುವಾರ ಮಕ್ಕಳ ಪುಟಗಳನ್ನು ಓದಿ ತಿದ್ದಲು ನಿವೃತ್ತ ಶಿಕ್ಷಕರು, ಹಿರಿಯ ಸದಸ್ಯರು ಮುಂದೆ ಬರಬಹುದು. ತಂದೆ-ತಾಯಿಯೂ ಮಗುವಿನ ಜತೆ ಕೂತು ಅಕ್ಷರ ಕಲಿತರೆ ಇನ್ನೂ ಒಳ್ಳೆಯದು. ತಮಗಿಂತ ಮೊದಲು ಮಗಳು ಓದಲು ಕಲಿತಳು ಎಂದು ಯಾರೂ ನಾಚಬೇಕಾಗಿಲ್ಲ.

ನವೆಂಬರ್ ಬಂದರೆ ಎಲ್ಲ ಸಂಘಗಳಲ್ಲೂ ರಾಜ್ಯೋತ್ಸವ. ವೇದಿಕೆಯಲ್ಲಿ ಮಕ್ಕಳು ಹಾಡುತ್ತಾರೆ, ಕುಣಿಯುತ್ತಾರೆ. ಹಾಡಿನ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಅಭ್ಯಾಸ ಮಾಡಿದವರೂ ಅವರಲ್ಲಿ ಇರುತ್ತಾರೆ. ಅದೇ ಸಭಾಂಗಣದ ಒಂದು ಬದಿಯಲ್ಲಿ ಮೇಜು ಹಾಕಿ ಈ ಮಕ್ಕಳ ನಲ್ವತ್ತು ಪುಟಗಳ ಪುಸ್ತಕಗಳನ್ನು ಇಡಬಹುದು. ಯಾರ ಮನೆಯ ಸಾರು ಹೇಗೆ, ಯಾರ ಅಜ್ಜ ಯಾವ ರೈಲಿನಲ್ಲಿ ಮದ್ರಾಸಿಗೆ ಬಂದರು ಎಂಬುದನ್ನು ಮಕ್ಕಳ ಕೈಬರಹದಲ್ಲಿ ಸದಸ್ಯರು ಓದುವಂತಾಗಲಿ. ಬರುವ ವರ್ಷದ ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವಾಗ ಪದಾಧಿಕಾರಿಗಳು ಇದಕ್ಕೂ ಒಂದು ಸಾಲು ಮೀಸಲಿಟ್ಟರೆ, ಶಾಲೆ ಆರಂಭವಾಗುವ ಜೂನ್‌ನಲ್ಲೇ ಮೊದಲ ಪುಟ ಬರೆಸಲು ಸಾಧ್ಯವಿದೆ.