ನಗರದ ನಕಾಶೆಯಲ್ಲಿ ಮಗ್ಗದ ಮನೆ

ಊರು ಬೆಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಸಂತೆ ಕೂಡುವಲ್ಲಿ ಅಂಗಡಿಗಳೇಳುತ್ತವೆ. ಅಂಗಡಿಗಳ ಹಿಂದೆ ಮನೆಗಳೇಳುತ್ತವೆ. ಮನೆಗಳ ನಡುವೆ ಉಳಿದ ತೆರಪೇ ಓಣಿಯಾಗುತ್ತದೆ. ಆದರೆ ಹೀಗೆ ಬೆಳೆದ ಊರಿಗೆ ನೀರು, ಚರಂಡಿ, ಶಾಲೆ, ಆಸ್ಪತ್ರೆಗಳನ್ನು ಒದಗಿಸುವ ಹೊತ್ತು ಬಂದಾಗ ಮುಂದಾಲೋಚನೆ ಬೇಕೇ ಬೇಕು. ಆ ಮುಂದಾಲೋಚನೆಯನ್ನು ನಕಾಶೆಗಿಳಿಸಿದರೆ ಅದೇ ಮಹಾಯೋಜನೆ. ಜನರ ಮಾತಿನಲ್ಲಿ ಮಾಸ್ಟರ್ ಪ್ಲಾನು.

ಈ ನಕಾಶೆ ಒಮ್ಮೆ ಬರೆದು ಕಪಾಟಿನಲ್ಲಿಡುವ ವಸ್ತುವಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಮೇರೆಗೆ, ಯೋಜನೆ ಜಾರಿಗೆ ಬಂದ ಹತ್ತು ವರ್ಷಗಳೊಳಗೆ ಒಮ್ಮೆಯಾದರೂ ಹೊಸದಾಗಿ ಮೋಜಣಿ ನಡೆಸಿ ಅದನ್ನು ಪರಿಷ್ಕರಿಸತಕ್ಕದ್ದು. ದೊಡ್ಡ ನಗರಗಳ ಮಾತು ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಹಿಪ್ಪರಗಿಯ ಆಸುಪಾಸಿನ ಕೃಷ್ಣಾತೀರದ ಊರುಗಳಲ್ಲಿ ಈ ಪರಿಷ್ಕರಣದ ಅರ್ಥವೇನೆಂಬುದನ್ನು ಕೇಳುವವರು ಮಾತ್ರ ಅಪರೂಪ.

ಎರಡು ಸಂಸ್ಥಾನ, ಒಂದು ನಗರ

ರಬಕವಿ-ಬನಹಟ್ಟಿಯನ್ನೇ ನೋಡೋಣ. ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬನಹಟ್ಟಿ ಜಮಖಂಡಿಯ ಪಟವರ್ಧನರ ಆಳಿಕೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು. 1956ರಲ್ಲಿ ಈ ಸೀಮೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದಿತು. ಇಂದು ಇವೆರಡೂ, ರಾಮಪುರ ಮತ್ತು ಹೊಸೂರುಗಳೊಡನೆ, ಒಂದೇ ನಗರಸಭೆಯ ಆಡಳಿತಕ್ಕೊಳಪಟ್ಟಿವೆ. 2001ರ ಜನಗಣತಿಯಲ್ಲೇ ಇಲ್ಲಿಯ ಜನಸಂಖ್ಯೆ 70 ಸಾವಿರವನ್ನು ಮುಟ್ಟಿತ್ತು. ಎರಡು ದರಬಾರುಗಳ ಅಂಚಿನಲ್ಲಿ ಬೇರೆಬೇರೆಯಾಗಿ ಬೆಳೆದ ಊರುಗಳನ್ನು ಒಂದೇ ನಗರವೆಂದು ಬಗೆದು ರಸ್ತೆ, ನೀರುಗಳ ಏರ್ಪಾಡು ಮಾಡುವುದು ಸುಲಭದ ಕೆಲಸವಲ್ಲ.

ಆ ಊರುಗಳನ್ನು ಕೂಡಿಸಿದ ನಂಟು ನೇಕಾರಿಕೆಯದು. ಇಲ್ಲಿ ಮನೆಯೆಂದರೆ ಮಗ್ಗ, ಮಗ್ಗವೆಂದರೆ ಮನೆ. ಒಂದೇ ಸೂರಿನಡಿ ಅಡಿಗೆಯೂ ಆಗುತ್ತದೆ, ಸೀರೆಯೂ ಇಳಿಯುತ್ತದೆ. ಹಿರಿಯರು ಕಂಡಿಕೆ ಸುತ್ತುತ್ತಿದ್ದರೆ ಕಿರಿಯರು ಮಗ್ಗದ ಮುಂದಿರುತ್ತಾರೆ. ಹಿಂದೆ ಕುಣಿಮಗ್ಗವಿದ್ದೆಡೆಗಳಲ್ಲಿ ಈಗ ಬಹುಮಟ್ಟಿಗೆ ವಿದ್ಯುತ್ ಮಗ್ಗದ ಸದ್ದು ಕೇಳಿಬರುತ್ತದೆ. ಆದರೂ ಮನೆ ಮತ್ತು ಕೆಲಸ ಒಂದನ್ನೊಂದು ಬಿಟ್ಟಿಲ್ಲ.

ಹಳದಿಯೋ, ನೇರಳೆಯೋ?

ತೊಡಕು ಹುಟ್ಟುವುದು ಇಲ್ಲಿಯೇ. ಯೋಜನೆಯ ನಕಾಶೆ ಬಣ್ಣಗಳ ಭಾಷೆಯಲ್ಲಿ ಮಾತನಾಡುತ್ತದೆ. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಕಾರಖಾನೆಯ ಹೊಗೆ ಮನೆಗಳನ್ನು ಮುಸುಕಬಾರದೆಂಬ ಸದುದ್ದೇಶದಿಂದಲೇ ಈ ವಿಂಗಡಣೆ ಹುಟ್ಟಿದೆ. ಆದರೆ ನಾಲ್ಕು ಮಗ್ಗಗಳಿರುವ ನೇಕಾರನ ಮನೆಗೆ ಯಾವ ಬಣ್ಣ ಹಚ್ಚುವುದು? ವಸತಿ ವಲಯದಲ್ಲಿ ಗೃಹಕೈಗಾರಿಕೆಗೆ ಮಿತವಾದ ಅವಕಾಶವಿರುವುದುಂಟು. ಆ ಮಿತಿಯನ್ನು ವಿದ್ಯುತ್ತಿನ ಅಶ್ವಶಕ್ತಿಯಿಂದಲೂ ನೆಲದ ಅಳತೆಯಿಂದಲೂ ಗೊತ್ತುಮಾಡುತ್ತಾರೆ. ಮಿತಿ ತುಸು ಬಿಗಿಯಾದರೆ ಮೂರು ತಲೆಮಾರಿನ ಕಸುಬು ಒಂದು ಬೆಳಗಿನಲ್ಲಿ ನಿಯಮಬಾಹಿರವೆನಿಸೀತು. ಮಗ್ಗಗಳನ್ನು ಊರ ಹೊರಗಿನ ವಸಾಹತಿಗೆ ಸಾಗಿಸೋಣವೆಂದರೆ, ಮನೆಗೆಲಸದ ನಡುವೆ ಕಂಡಿಕೆ ಸುತ್ತುವ ಗೃಹಿಣಿಯ ದುಡಿಮೆಯನ್ನು ಯಾವ ಗಾಡಿಯಲ್ಲಿ ಸಾಗಿಸುವುದು?

ಭಾರತದ ಅನೇಕ ಪಟ್ಟಣಗಳಿಗೆ 1914ರ ಅನಂತರ ವರದಿಗಳನ್ನು ಬರೆದುಕೊಟ್ಟ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ವಿದ್ವಾಂಸನು, ಗೆರೆ ಎಳೆಯುವ ಮೊದಲು ಓಣಿಯನ್ನು ಕಾಲ್ನಡೆಯಿಂದ ತಿರುಗಿ ನೋಡಬೇಕೆಂದು ಬೋಧಿಸಿದನು. ಊರೆಂಬ ದೇಹಕ್ಕೆ ರೋಗವಿರುವಲ್ಲಿ ಮಾತ್ರ ಕತ್ತರಿ ತಗಲಬೇಕೆಂಬುದು ಅವನ ಮತ. ರಬಕವಿ-ಬನಹಟ್ಟಿಯಂಥ ಊರಿಗೆ ಈ ಉಪದೇಶ ಇಂದಿಗೂ ಹಳೆಯದಾಗಿಲ್ಲ. ಮಗ್ಗದ ಮನೆಗಳನ್ನು ಓಣಿಓಣಿಗೆ ಎಣಿಸಿ, ‘ಮನೆಯೂ ಕಸುಬೂ ಕೂಡಿದ ವಲಯ’ವೆಂದು ನಕಾಶೆಯಲ್ಲಿಯೇ ಗುರುತಿಸಿ, ಬಣ್ಣ ಹಾಕುವ ಕೆಲಸದ ಕೊಳೆನೀರಿಗೆ ಬೇರೆ ಚರಂಡಿಯನ್ನು ಗೊತ್ತುಪಡಿಸಿದರೆ, ಕಸುಬೂ ಉಳಿದೀತು, ಆರೋಗ್ಯವೂ ಉಳಿದೀತು.

ನದಿಯ ಎರಡು ಮುಖ

ಎರಡನೆಯ ಮಾತು ನೀರಿನದು. ಹಿಪ್ಪರಗಿಯ ಬ್ಯಾರೇಜು ಸುಮಾರು 6 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲುದು. ಸುತ್ತಣ ಹೊಲಗಳ ಕಬ್ಬಿಗೂ ಊರುಗಳ ನಲ್ಲಿಗೂ ಇದೇ ಆಸರೆ. ಆದರೂ 2019ರ ಬೇಸಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿ, ಕೊಯ್ನಾ ಜಲಾಶಯದಿಂದ ನೀರು ಬಿಡಿಸಿಕೊಡಿರೆಂದು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಜಮಖಂಡಿ ಸೀಮೆಯ ಹಳ್ಳಿಗಳನ್ನು ಮುಳುಗಿಸಿತು. ಮಗ್ಗಕ್ಕೆ ನೀರು ಹೊಕ್ಕರೆ ಹಾಸೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಹೊಳೆ ಎಲ್ಲಿಯವರೆಗೆ ಬಂದಿತ್ತೆಂಬ ಗೆರೆಯನ್ನು ಕಾಣಿಸದ ನಕಾಶೆ, ಹೊಸ ಪ್ಲಾಟು ಕೊಳ್ಳುವ ಬಡವನಿಗೆ ಮೋಸವನ್ನೇ ಮಾಡುತ್ತದೆ.

ನೀರಿನ ಗೆರೆ ಊರನ್ನೇ ಕದಲಿಸಬಲ್ಲದೆಂಬುದಕ್ಕೆ ಬಾಗಲಕೋಟೆ ಸಾಕ್ಷಿ. ಆಲಮಟ್ಟಿಯ ಹಿನ್ನೀರಿಗಾಗಿ ಆ ಪಟ್ಟಣದ ಬಹುಭಾಗವನ್ನು ತೆರವು ಮಾಡಬೇಕಾಯಿತು. ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ನವನಗರ ಮೈದಳೆಯಿತು. ಅಗಲವಾದ ಹಾದಿಗಳೂ ಸೆಕ್ಟರುಗಳೂ ಬಂದವು. ಆದರೂ ಹಳೆಯ ಪೇಟೆಯ ವ್ಯವಹಾರ ಅಷ್ಟಕ್ಕೇ ಮುಗಿಯಲಿಲ್ಲ. ನಿವೇಶನವನ್ನು ಸರಕಾರ ಹಂಚಬಹುದು. ಗಿರಾಕಿಯ ರೂಢಿಯನ್ನು ಹಂಚಲಾಗದು. 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆಯಿತ್ತಿತು. ಎಲ್ಲಿಯೋ ಬರೆದ ಒಂದು ಅಂಕಿಯಿಂದ ಇಲ್ಲಿಯ ಎಷ್ಟೋ ಮನೆಗಳ ಭವಿಷ್ಯ ಬದಲಾಗುವುದುಂಟು.

ಅರುವತ್ತು ದಿನಗಳ ಹಕ್ಕು

ಯೋಜನೆಯ ಕರಡು ಪ್ರಕಟವಾದ ಮೇಲೆ ಅರುವತ್ತು ದಿನಗಳೊಳಗೆ ಯಾವ ನಾಗರಿಕನಾದರೂ ತನ್ನ ಅಭಿಪ್ರಾಯವನ್ನು ಬರೆದು ಕಳುಹಿಸಬಹುದು. ಯೋಜನಾ ಪ್ರಾಧಿಕಾರ ಅದನ್ನು ಪರಿಶೀಲಿಸಲೇಬೇಕು. ಆದರೆ ನಕಾಶೆಯನ್ನು ಓದಬಲ್ಲವರು ಯಾರು? ಜಮೀನಿಗೆ ಎನ್.ಎ. ಮಾಡಿಸಿ ಪ್ಲಾಟು ಹಾಕುವವನು ಅದನ್ನು ಚೆನ್ನಾಗಿ ಬಲ್ಲ. ನೂಲಿನ ದರ, ಕೂಲಿಯ ಲೆಕ್ಕಗಳಲ್ಲಿ ಮುಳುಗಿದ ನೇಕಾರನಿಗೆ ಆ ಪ್ರಕಟಣೆ ಬಂದುಹೋದದ್ದೂ ತಿಳಿಯದಿರಬಹುದು.

ಈ ನಾಡಿನ ಜನ ಕೈಕಟ್ಟಿ ಕುಳಿತವರಲ್ಲ. ಜಮಖಂಡಿ ಸೀಮೆಯ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅವರ ಮುಂದಾಳು ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. ನದಿಗೆ ಅಡ್ಡಗಟ್ಟೆ ಹಾಕಿದ ಜನಕ್ಕೆ ನಕಾಶೆಯೊಂದನ್ನು ಓದಿಕೊಳ್ಳುವುದು ಅಸಾಧ್ಯವೇನಲ್ಲ. ನಗರಸಭೆಯವರು ಆ ಹಾಳೆಯನ್ನು ಕಚೇರಿಯ ಗೋಡೆಗೆ ತೂಗುಹಾಕಿ ಸುಮ್ಮನಾಗದೆ, ಓಣಿಯ ಕಟ್ಟೆಗೆ ತಂದು, ತಿಳಿಗನ್ನಡದಲ್ಲಿ ವಿವರಿಸಲಿ. ನೇಕಾರರು ತಮ್ಮ ಮನೆಯ ಮೇಲೆ ಯಾವ ಬಣ್ಣ ಬಿದ್ದಿದೆಯೆಂದು ಬೆರಳಿಟ್ಟು ಕೇಳಲಿ. ತಪ್ಪಿದ್ದರೆ ಅರುವತ್ತು ದಿನಗಳೊಳಗೆ ಬರೆದು ಕೊಡಲಿ. ಗಡುವು ಮೀರಿ ನಕಾಶೆಗೆ ಸರಕಾರದ ಮುದ್ರೆ ಬಿದ್ದ ಮೇಲೆ, ಅದನ್ನು ತಿದ್ದಿಸಲು ಇನ್ನೊಂದು ಪರಿಷ್ಕರಣದವರೆಗೆ ಕಾಯಬೇಕಾದೀತು.