ಇಸ್ತಾಂಬುಲಿನ ಕಡೆಯ ಇರುಳು

ಪರದೇಶದಿಂದ ಊರಿಗೆ ಮರಳುವವರು ಕಡೆಯ ಸಂಜೆಯನ್ನು ಬಹುಮಟ್ಟಿಗೆ ಅಂಗಡಿಬೀದಿಯಲ್ಲಿಯೇ ಕಳೆಯುವುದುಂಟು. ಮನೆಯಲ್ಲಿ ಹಾದಿ ನೋಡುತ್ತಿರುವ ಮಕ್ಕಳಿಗೆ ಬರಿಗೈಯಲ್ಲಿ ಮುಖ ತೋರಿಸುವುದು ಹೇಗೆ? ಅದನ್ನು ನಾನು ಆಕ್ಷೇಪಿಸಲಾರೆ. ಆದರೆ ದೂರದ ನಾಡಿನಲ್ಲಿ ಸ್ನೇಹವೆಂಬುದು ದೊರೆತಿದ್ದ ಪಕ್ಷದಲ್ಲಿ ಆ ಒಂದು ಸಂಜೆ ಸ್ನೇಹಿತರಿಗೇ ಸಲ್ಲತಕ್ಕದ್ದೆಂದು ನನ್ನ ಮತ.

ತುರ್ಕಿಯ ಇಸ್ತಾಂಬುಲ್ ನಗರದಲ್ಲಿ ನಾನೂ ನನ್ನ ಪತ್ನಿಯೂ ಎರಡು ವಾರ ಒಬ್ಬ ಉಪಾಧ್ಯಾಯರ ಮನೆಯಲ್ಲಿ ಇಳಿದುಕೊಂಡಿದ್ದೆವು. ಬಾಡಿಗೆ ಕೊಟ್ಟು ಹೊಕ್ಕವರು ಮೂರನೆಯ ದಿನಕ್ಕೆ ಮನೆಯವರೇ ಆಗಿದ್ದೆವು. ಕಡೆಯ ಸಂಜೆ ಆ ದಂಪತಿಗಳು ನಮ್ಮನ್ನು ಹೊರಗೆ ಊಟಕ್ಕೆ ಕರೆದೊಯ್ಯಲು ಸಿದ್ಧರಾದಾಗ, ಎಂಬತ್ತನ್ನು ದಾಟಿದ ಅವರ ತಂದೆಯವರೂ ಮಂಡಿನೋವನ್ನು ಲೆಕ್ಕಿಸದೆ ಕೋಲು ಹಿಡಿದು ಹೊರಟು ನಿಂತರು. ಸೊಸೆ ಬೇಡವೆಂದರು, ಹಿರಿಯರು ಕೇಳಲಿಲ್ಲ.

ಮನೆ ಯುರೋಪಿನ ದಡದಲ್ಲಿ, ಊಟ ಏಷ್ಯದ ದಡದಲ್ಲಿ! ನಮಗೆ ಸೋಜಿಗವಾದ ಇದು ಆ ನಗರದವರಿಗೆ ನಿತ್ಯದ ಮಾತು. ಬಾಸ್ಫೊರಸ್ ಜಲಸಂಧಿಯ ಇಂದಿನ ಸೇತುವೆಗಳಲ್ಲಿ ಮೊದಲನೆಯದು ತೆರೆದುದು 1973ರಲ್ಲಿ. ಅಲ್ಲಿಯವರೆಗೆ ಜನರಿಗೆ ಹಡಗೇ ಗತಿಯಾಗಿದ್ದಿತು. ಈಗಲೂ ಹಡಗನ್ನೇ ಮೆಚ್ಚುವವರು ಬಹುಮಂದಿ. ಎಮಿನೋನು ಧಕ್ಕೆಯಿಂದ ಕಾದಿಕೋಯ್ ಧಕ್ಕೆಗೆ ಅರ್ಧ ತಾಸೂ ಹಿಡಿಯದು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟಗಳಲ್ಲಿ ಹಾಲಿಲ್ಲದ ಕೆಂಪು ಚಹ ಬಂದಿತು. ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿಯನ್ನು ಅಲ್ಲಿ ಸಿಮಿತ್ ಎನ್ನುತ್ತಾರೆ. ಅದನ್ನು ಮುರಿದು ಮೇಲೆಸೆದರೆ ಕಡಲಹಕ್ಕಿಗಳು ಹಾರುತ್ತಲೇ ಕಚ್ಚಿಕೊಳ್ಳುತ್ತಿದ್ದುವು. ಹಿಂದೆ ಗುಡ್ಡದ ಮೇಲೆ, ಶಿಲ್ಪಿ ಸಿನಾನನು 1557ರಲ್ಲಿ ಮುಗಿಸಿದ ಸುಲೇಮಾನಿಯೆ ಮಸೀದಿಯ ಗುಮ್ಮಟವು ಸಂಜೆಗೆಂಪಿನಲ್ಲಿ ಕಪ್ಪಾಗುತ್ತಿದ್ದಿತು.

ಹಿರಿಯರು ಅದನ್ನು ನೋಡುತ್ತಿರಲಿಲ್ಲ. ಧಕ್ಕೆಯ ಮಗ್ಗುಲಿಗಿರುವ ಸಿರ್ಕೆಜಿ ರೈಲುನಿಲ್ದಾಣದ ಕಡೆಗೆ ಕೋಲನ್ನೆತ್ತಿ ಏನನ್ನೋ ಹೇಳತೊಡಗಿದರು. ಮಗ ಅದನ್ನು ಇಂಗ್ಲಿಷಿನಲ್ಲಿ ನಮಗೆ ತಿಳಿಸಿದರು. 1961ರಲ್ಲಿ ತುರ್ಕಿಯೂ ಪಶ್ಚಿಮ ಜರ್ಮನಿಯೂ ಒಪ್ಪಂದ ಮಾಡಿಕೊಂಡ ತರುವಾಯ, ಕೆಲಸವನ್ನರಸಿ ಸಾವಿರಾರು ಮಂದಿ ಆ ನಿಲ್ದಾಣದಿಂದಲೇ ಮ್ಯೂನಿಕ್ಕಿನ ರೈಲು ಹತ್ತಿದರು. ಅವರಲ್ಲಿ ಇವರ ಅಣ್ಣನೂ ಒಬ್ಬನು. ಒಂದೆರಡು ವರ್ಷ ದುಡಿದು ಬರುವೆನೆಂದು ಹೋದವನು ಅಲ್ಲಿಯೇ ಮಣ್ಣಾದನಂತೆ.

ಹೊರಡುವವರ ಬೆನ್ನ ಹಿಂದೆ ಒಂದು ಪಾತ್ರೆ ನೀರು ಚೆಲ್ಲುವುದು ತುರ್ಕರಲ್ಲಿ ಸಂಪ್ರದಾಯ. ನೀರಿನಂತೆ ತಡೆಯಿಲ್ಲದೆ ಹೋಗಿ, ನೀರಿನಂತೆಯೇ ಬನ್ನಿ ಎಂಬುದು ಅದರ ಹಾರೈಕೆ. “ಅಂದು ಚೆಲ್ಲಿದವನು ನಾನು” ಎಂದರು ಹಿರಿಯರು. ಆಮೇಲೆ ಆ ಕೆಲಸವನ್ನು ಅವರು ಮನೆಯ ಹೆಂಗಸರಿಗೇ ಬಿಟ್ಟಿದ್ದರು.

ಊಟದ ವಿಚಾರವಾಗಿ ಹೆಚ್ಚು ಬರೆಯಬೇಕಾದುದಿಲ್ಲ. ಅವರಿಗೆ ಮೀನು, ಸಸ್ಯಾಹಾರಿಗಳಾದ ನಮಗೆ ಎಣ್ಣೆಯಲ್ಲಿ ಬೆಂದು ತಣ್ಣಗಾದ ಬದನೆಕಾಯಿ, ಮೊಸರು. ಹಣ ತೆರುವ ಸಮಯದಲ್ಲಿ ಮಾತ್ರ ಸಣ್ಣದೊಂದು ಜಗಳವೇ ಆಯಿತು. ತಲೆಗಿಷ್ಟೆಂದು ಹಂಚಿಕೊಳ್ಳುವುದಕ್ಕೆ ತುರ್ಕರು ‘ಜರ್ಮನ್ ಪದ್ಧತಿ’ ಎಂದು ಹೆಸರಿಟ್ಟಿದ್ದಾರೆ. ಹಿರಿಯರು ನನ್ನ ಕೈಯನ್ನು ಬಲವಾಗಿ ಹಿಡಿದು, ನಮ್ಮ ಮನೆಯಿಂದ ಜರ್ಮನಿಗೆ ಹೋದುದು ಸಾಕು ಎಂದುಬಿಟ್ಟರು. ನಾನು ಸುಮ್ಮನಾದೆ. ಕಾಫಿ ಬಂದಿತು. ಒಂದು ಬಟ್ಟಲು ಕಾಫಿಯ ನೆನಪು ನಲವತ್ತು ವರ್ಷ ಉಳಿಯುವುದೆಂಬುದು ಅಲ್ಲಿಯ ಗಾದೆ. “ನಲವತ್ತು ವರ್ಷ ನನ್ನಿಂದಾಗದು, ನನ್ನ ಪಾಲನ್ನೂ ನೀವೇ ಇಟ್ಟುಕೊಳ್ಳಿ” ಎಂದು ಅವರು ನಕ್ಕರು. ನಮಗೆ ನಗು ಬರಲಿಲ್ಲ.

ಕನ್ನಡನಾಡಿನಲ್ಲಿ ಮನೆ ಬಿಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿಬರುತ್ತೇನೆ’ ಎನ್ನಬೇಕೆಂದು ನನ್ನ ಪತ್ನಿ ಹೇಳಿದಳು. ಹಿರಿಯರು ಆ ಮಾತನ್ನು ಮೂರು ಬಾರಿ ಹೇಳಿಸಿಕೊಂಡರು.

ನಸುಕಿನ ನಾಲ್ಕು ಗಂಟೆಗೆ ಬಾಡಿಗೆಯ ಕಾರು ಬಾಗಿಲಿಗೆ ಬಂದಿತು. ಸೊಸೆ ನೀರಿನ ಪಾತ್ರೆಯನ್ನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ನಾವು ಕನ್ನಡದಲ್ಲಿಯೇ “ಹೋಗಿಬರುತ್ತೇವೆ” ಎಂದೆವು. ಅವರು “ಗ್ಯುಲೆ ಗ್ಯುಲೆ” ಎಂದರು. ನಗುನಗುತ್ತ ಹೋಗಿ ಎಂದು ಅದರ ಅರ್ಥ. ಕಾರು ಚಲಿಸಿದ ಮೇಲೆ ತಿರುಗಿ ನೋಡಿದೆ. ಪಾತ್ರೆ ಹಿರಿಯರ ಕೈಯಲ್ಲಿದ್ದಿತು; ಬೀದಿಯ ಕಲ್ಲುಗಳ ಮೇಲೆ ನೀರು ನಮ್ಮ ಕಡೆಗೇ ಹರಿದು ಬರುತ್ತಿದ್ದಿತು.