ಮೂರರಲ್ಲೊಂದು ಪಾಲು ಮತ್ತು ಗಣಕಯಂತ್ರ

ಭಾಲ್ಕಿ ತಾಲ್ಲೂಕಿನ ನಮ್ಮ ಸಾಯಗಾಂವದಲ್ಲಿ ಹೊಲದ ಅಳತೆ ಎಕರೆ, ಗುಂಟೆ, ಆಣೆಗಳಲ್ಲಿ ನಡೆಯುತ್ತದೆ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮಠದ ಪಾಠಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿದ ನಮಗೆ ಇದು ಎಂದೂ ಕಷ್ಟವೆನಿಸಿರಲಿಲ್ಲ. ಆದರೆ ಬಂಧುಗಳ ಮನೆಯೊಂದರಲ್ಲಿ ಏಳು ಎಕರೆ ಹೊಲವು ಮೂವರು ಅಣ್ಣತಮ್ಮಂದಿರಲ್ಲಿ ಪಾಲಾಗುವ ಪ್ರಸಂಗ ಬಂದಾಗ ಲೆಕ್ಕವೇ ಮನಸ್ತಾಪಕ್ಕೆ ಮೂಲವಾಯಿತು.

ಆ ಮನೆಯ ಹುಡುಗನು ಗಣಕಯಂತ್ರದಲ್ಲಿ ಲೆಕ್ಕ ಹಾಕಿ, ತಲಾ 2.33 ಎಕರೆ ಎಂದು ಕಾಗದ ತೆಗೆದನು. ಹಿರಿಯಣ್ಣನ ಚೀಟಿಯಲ್ಲಿ 2.13 ಎಂದಿತ್ತು, ಅದರ ಅರ್ಥ ಎರಡು ಎಕರೆ ಹದಿಮೂರು ಗುಂಟೆ. ಆತನು 2.33ನ್ನೂ ಎರಡು ಎಕರೆ ಮೂವತ್ತಮೂರು ಗುಂಟೆ ಎಂದೇ ಓದಿದನು. ಕಿರಿಯನು ಮೂರು 2.33ಗಳನ್ನು ಕೂಡಿಸಿ, 6.99 ಮಾತ್ರ ಬಂತು, ಉಳಿದದ್ದು ಯಾರ ಪಾಲಿಗೆ ಹೋಯಿತು ಎಂದು ಕೇಳಿದನು. ಆ 0.01 ಎಕರೆ ಎಂದರೆ ಸುಮಾರು 435 ಚದರ ಅಡಿ. ಒಂದು ಸಣ್ಣ ಮನೆ ನಿಲ್ಲುವಷ್ಟು ನೆಲ. ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತು ನಿಂತಿತು.

"ಮುತ್ಯಾ, ಗಣಕಯಂತ್ರವೂ ತಪ್ಪುತ್ತದೇನು?" ಎಂದು ಹುಡುಗನು ನಮ್ಮಲ್ಲಿಗೆ ಬಂದನು. "ಮೂರರಲ್ಲೊಂದನ್ನು ಮೂರರಲ್ಲೊಂದಾಗಿಯೇ ಏಕೆ ಇಡಲಿಲ್ಲ, ತಮ್ಮಾ?" ಎಂದು ನಾವು ಕೇಳಿದೆವು. ಆ ಪ್ರಶ್ನೆಯಿಂದ ನಮಗೂ ಒಂದು ಹೊಸ ಪಾಠವಾಯಿತು.

ಗಣಕಯಂತ್ರವು ಎರಡರ ಲೆಕ್ಕದಲ್ಲಿ ಎಣಿಸುತ್ತದೆ. ಅರೆ, ಕಾಲು, ಅರೆಕಾಲು, ಹದಿನಾರರಲ್ಲೊಂದಾದ ವೀಸ, ಹೀಗೆ ಅರ್ಧಿಸುತ್ತ ಹೋದ ನಮ್ಮ ಹಿರಿಯರ ಭಾಗಗಳನ್ನು ಅದು ಚಾಚೂ ತಪ್ಪದೆ ಇಟ್ಟುಕೊಳ್ಳಬಲ್ಲದು. ಮೂರರಲ್ಲೊಂದು, ಹತ್ತರಲ್ಲೊಂದು ಅದಕ್ಕೆ ಮುಗಿಯದ ಸಂಖ್ಯೆಗಳು, ಎಲ್ಲಿಯೋ ಕತ್ತರಿಸಲೇಬೇಕು. ಆದ್ದರಿಂದಲೇ 0.1ಕ್ಕೆ 0.2 ಕೂಡಿಸಿದರೆ ಅದು 0.30000000000000004 ಎನ್ನುತ್ತದೆ. ಇದು ಅಲ್ಪವೆಂದು ಕಡೆಗಣಿಸುವಂತಿಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರವು ಸೆಕೆಂಡಿನ ಹತ್ತರಲ್ಲೊಂದನ್ನು ಕತ್ತರಿಸಿ ಎಣಿಸುತ್ತ, ನೂರು ಗಂಟೆಗಳಲ್ಲಿ ಸೆಕೆಂಡಿನ ಮೂರರಲ್ಲೊಂದರಷ್ಟು ತಪ್ಪಿತು. ಎರಗಿ ಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಮಡಿದರು.

ಇದಕ್ಕೆ ಪರಿಹಾರವೂ ಉಂಟು. ಪೈಥಾನ್ ಎಂಬ ಗಣಕಭಾಷೆಯಲ್ಲಿ 2008ರಿಂದ 'ಫ್ರಾಕ್ಷನ್' ಎಂಬ ಸಾಧನವಿದೆ. ಅದಕ್ಕೆ 7, 3 ಎಂದು ಕೊಟ್ಟರೆ ಭಾಗಿಸಿ ಕತ್ತರಿಸುವುದಿಲ್ಲ. ಅಂಶ ಏಳು, ಛೇದ ಮೂರು ಎಂದು ಎರಡು ಪೂರ್ಣಾಂಕಗಳನ್ನೇ ಇಟ್ಟುಕೊಳ್ಳುತ್ತದೆ. ಮಹತ್ತಮ ಸಾಮಾನ್ಯ ಅಪವರ್ತನದಿಂದ ಭಾಗಿಸಿ ಭಿನ್ನರಾಶಿಯನ್ನು ತಾನೇ ಸಂಕ್ಷೇಪಿಸುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: 0.1 ಎಂಬ ದಶಮಾಂಶವನ್ನೇ ನೇರವಾಗಿ ಕೊಟ್ಟರೆ, ಮೊದಲೇ ಕತ್ತರಿಸಿದ ಸಂಖ್ಯೆಯು ಹದಿನೇಳಂಕಿಯ ಛೇದವಾಗಿ ಹೊರಬೀಳುತ್ತದೆ. 1, 10 ಎಂದು ಬಿಡಿಯಾಗಿ ಕೊಡಬೇಕು, ಇಲ್ಲವೇ ಉದ್ಧರಣ ಚಿಹ್ನೆಯೊಳಗೆ ಅಕ್ಷರರೂಪದಲ್ಲಿ ಕೊಡಬೇಕು. ದೀರ್ಘ ಲೆಕ್ಕಗಳಲ್ಲಿ ಛೇದ ಬೆಳೆದು ಕೆಲಸ ನಿಧಾನವಾಗುವುದೂ ನಿಜ.

ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳ ಲೆಕ್ಕವನ್ನು 'ಕಲಾಸವರ್ಣ'ವೆಂದು ಕರೆದು ವಿಸ್ತಾರವಾಗಿ ನಿರೂಪಿಸಿದನು. ಛೇದಗಳನ್ನು ಸಮಗೊಳಿಸುವ ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ 'ನಿರುದ್ಧ'ವೆಂದನು. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಹುಡುಗನು ಹೊಸದಾಗಿ ಲೆಕ್ಕ ಹಾಕಿದನು. ಮೂರರಲ್ಲೇಳು ಎಂದರೆ ಎರಡು ಎಕರೆ; ಉಳಿದ ಮೂರರಲ್ಲೊಂದನ್ನು ನಲವತ್ತರಿಂದ ಗುಣಿಸಿದರೆ ಹದಿಮೂರು ಗುಂಟೆ; ಮತ್ತೆ ಉಳಿದದ್ದನ್ನು ಹದಿನಾರರಿಂದ ಗುಣಿಸಿದರೆ ಐದು ಆಣೆ, ಮತ್ತು ಆಣೆಯ ಮೂರರಲ್ಲೊಂದು. ಮೂರೂ ಪಾಲುಗಳನ್ನು ಕೂಡಿಸಿದಾಗ ಸರಿಯಾಗಿ ಏಳೇ ಬಂದಿತು. ಚುಕ್ಕೆಯನ್ನು ಬಿಟ್ಟು ಎಕರೆ, ಗುಂಟೆ, ಆಣೆ ಎಂದು ಬಿಡಿಸಿ ಬರೆದು ತೋರಿಸಿದಾಗ ಹಿರಿಯನ ಸಂಶಯವೂ ಕಿರಿಯನ ಸಂಶಯವೂ ಕಳೆದವು. ತಲಾ ಮೂರರಲ್ಲೊಂದರಂತೆ ಉಳಿದಿದ್ದ ಒಂದು ಆಣೆ ನೆಲವನ್ನು ಮೂವರೂ ಕೂಡಿ ಬಾವಿಯ ದಾರಿಗೆ ಬಿಟ್ಟರು.

ವಾಚಕ ಬಂಧುಗಳೇ, ಮನೆಯ ಮಕ್ಕಳು ಗಣಕಯಂತ್ರ ಕಲಿಯಲಿ, ಅದು ಸಂತೋಷದ ಸಂಗತಿ. ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಕಲಿಯಲಿ. ಯಂತ್ರ ಎಲ್ಲಿ ಕತ್ತರಿಸುತ್ತದೆ ಎಂಬುದನ್ನು ಬಲ್ಲವನು ಯಾರ ಪಾಲನ್ನೂ ಕತ್ತರಿಸಲಾರನು.